ಭಾನುವಾರದ ಸೈಕಲ್ ಸಾಲು: ಬ್ರಿಟನ್ನಿನ ರಸ್ತೆಯಲ್ಲಿ ಕಾರಿಗೆಷ್ಟು, ಸೈಕಲ್ಲಿಗೆಷ್ಟು

ಜೂನ್ ತಿಂಗಳ ಒಂದು ಭಾನುವಾರ. ಸಸೆಕ್ಸ್‌ನ ಟರ್ನರ್ಸ್ ಹಿಲ್ ಹಳ್ಳಿಯ ಹತ್ತಿರ ನಿಂತ ವಾಹನಗಳ ಸಾಲಿನಲ್ಲಿ ನಮ್ಮ ಕಾರು ಹನ್ನೊಂದನೆಯದು. ಹಿಂದಿನ ಸೀಟಿನಲ್ಲಿ ಅಮ್ಮ, ಅವರ ಮಡಿಲಲ್ಲಿ ಬಿಸಿಬೇಳೆಬಾತಿನ ಪಾತ್ರೆ. ಗೃಹಪ್ರವೇಶದ ಮನೆ ಇನ್ನೂ ಎಂಟು ಮೈಲಿ ದೂರ. ಮುಂದೆ ಕಣ್ಣು ಹಾಯಿಸಿದಷ್ಟೂ ಸೈಕಲ್‌ಗಳು. ಅರವತ್ತು ದಾಟಿದವರು, ಹದಿಹರೆಯದವರು, ಕೋಳಿಯ ವೇಷ ತೊಟ್ಟ ಒಬ್ಬಾತ, ತೀರಿಕೊಂಡ ತಂದೆಯ ಭಾವಚಿತ್ರವನ್ನು ಬೆನ್ನಿಗೆ ಅಂಟಿಸಿಕೊಂಡ ಇನ್ನೊಬ್ಬ. ಮೈಸೂರಿನಿಂದ ಬಂದು ಹದಿನೈದು ದಿನವೂ ಆಗಿರದ ಅಮ್ಮ ಕೇಳಿದರು: "ಇವರೆಲ್ಲ ಏನಾದರೂ ಹರಕೆ ಹೊತ್ತಿದ್ದಾರೆಯೇ?"

ಅದಕ್ಕಿಂತ ಚೆನ್ನಾದ ವಿವರಣೆಯನ್ನು ನಾನು ಇಲ್ಲಿಯವರ ಬಾಯಲ್ಲೂ ಕೇಳಿಲ್ಲ. ಶಿವರಾತ್ರಿಯ ಹೊತ್ತಿಗೆ ಚಾರ್ಮಾಡಿ ಘಾಟಿಯಲ್ಲಿ ಧರ್ಮಸ್ಥಳಕ್ಕೆ ನಡೆದು ಹೋಗುವವರ ಸಾಲನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಇಲ್ಲಿ ಹರಕೆ ಹೃದ್ರೋಗದ ಸಂಶೋಧನೆಗೆ, ಕಾಣಿಕೆ ಪರಿಚಿತರಿಂದ ಎತ್ತಿದ ಚಂದಾ. ಲಂಡನ್ನಿನ ಕ್ಲಾಪಮ್ ಕಾಮನ್ ಮೈದಾನದಿಂದ ಬ್ರೈಟನ್ನಿನ ಕಡಲತೀರದವರೆಗೆ 54 ಮೈಲಿ, ಅಂದರೆ ಸುಮಾರು 87 ಕಿಲೋಮೀಟರ್. ನಡೆಸುವುದು ಬ್ರಿಟಿಷ್ ಹಾರ್ಟ್ ಫೌಂಡೇಶನ್. ಕೊನೆಗೆ ಡಿಚ್ಲಿಂಗ್ ಬೀಕನ್ ಎಂಬ 248 ಮೀಟರ್ ಎತ್ತರದ ಗುಡ್ಡ ಎದುರಾಗುತ್ತದೆ. ಬಹಳ ಜನ ಅದನ್ನು ಸೈಕಲ್ ತಳ್ಳಿಕೊಂಡೇ ಹತ್ತುತ್ತಾರೆ. ಇಂಥ ಯಾತ್ರೆಗಳು ಬೇಸಿಗೆಯುದ್ದಕ್ಕೂ ದೇಶದ ಎಲ್ಲ ಕಡೆ ನಡೆಯುತ್ತವೆ. ನಾನು ಎಂಟು ವರ್ಷ ಕಾರಿನೊಳಗೆ ಕೂತು ಅವುಗಳನ್ನು ಶಪಿಸಿದವನು, ಆಮೇಲೆ ಮೂರು ಬಾರಿ ಸೈಕಲ್ ಹತ್ತಿ ಅದೇ ಶಾಪ ತಿಂದವನು. ಹೀಗಾಗಿ ಎರಡೂ ಕಡೆಯ ಲೆಕ್ಕ ಹೇಳಬಲ್ಲೆ.

ಮೊದಲು ತಿಳಿಯಬೇಕಾದದ್ದು, ಆ ದಿನ ರಸ್ತೆ ಮುಚ್ಚಿದೆಯೋ ತೆರೆದಿದೆಯೋ ಎಂಬುದು. 2012ರ ಒಲಿಂಪಿಕ್ಸ್ ನೆನಪಿನಲ್ಲಿ 2013ರಲ್ಲಿ ಶುರುವಾದ ರೈಡ್‌ಲಂಡನ್ ಎಂಬ ಸೈಕಲ್ ಯಾತ್ರೆ, ಮೊದಲು ಸರ್ರೆಯಲ್ಲೂ 2022ರಿಂದ 2024ರವರೆಗೆ ಎಸೆಕ್ಸ್‌ನಲ್ಲೂ ನಡೆದು, ನೂರು ಮೈಲಿ ರಸ್ತೆಯನ್ನು ವಾಹನಗಳಿಗೆ ಮುಚ್ಚಿಸುತ್ತಿತ್ತು. ಅಂಥ ಸಂದರ್ಭದಲ್ಲಿ ಸ್ಥಳೀಯ ಕೌನ್ಸಿಲ್ ಆದೇಶ ಹೊರಡಿಸುತ್ತದೆ, ರಸ್ತೆಬದಿಯಲ್ಲಿ ಮುಂಚಿತವಾಗಿ ಹಳದಿ ಫಲಕಗಳು ಏಳುತ್ತವೆ, ಮನೆಗೆ ಕರಪತ್ರ ಬರುತ್ತದೆ. ಆ ಕರಪತ್ರವನ್ನು ಪಿಜ್ಜಾ ಅಂಗಡಿಯ ಜಾಹೀರಾತೆಂದು ಎಸೆಯಬೇಡಿ. ನಾನು ಎಸೆದಿದ್ದೆ; ಅಂದು ಬೆಳಗ್ಗೆ ವಿಮಾನ ನಿಲ್ದಾಣಕ್ಕೆ ಹೊರಟವನಿಗೆ ನಮ್ಮ ಬೀದಿಯ ತುದಿಯಲ್ಲೇ ತಡೆ ಸಿಕ್ಕಿತು. ಮನೆಯಲ್ಲಿ ದಿನವೂ ಶುಶ್ರೂಷಕರು ಬಂದು ನೋಡಿಕೊಳ್ಳುವ ಹಿರಿಯರಿದ್ದರೆ ಸಂಘಟಕರಿಗೆ ಮೊದಲೇ ತಿಳಿಸಿಡಿ.

ಆದರೆ ಇಂಥ ಯಾತ್ರೆಗಳಲ್ಲಿ ಹೆಚ್ಚಿನವು ತೆರೆದ ರಸ್ತೆಯಲ್ಲೇ ನಡೆಯುತ್ತವೆ. ತಿಕ್ಕಾಟ ಹುಟ್ಟುವುದೂ ಅಲ್ಲಿಯೇ. ತಿರುವಿನಲ್ಲಿ ಹೊಳೆಯುವ ಜಾಕೆಟ್ ತೊಟ್ಟು ನಿಂತ ಸ್ವಯಂಸೇವಕರು ದಾರಿ ತೋರಿಸುತ್ತಾರೆಯೇ ಹೊರತು ನಿಮ್ಮ ಕಾರನ್ನು ನಿಲ್ಲಿಸುವ ಅಧಿಕಾರ ಅವರಿಗಿಲ್ಲ. ಆ ಅಧಿಕಾರ ಪೊಲೀಸರಿಗೆ ಮತ್ತು ಪೊಲೀಸರಿಂದ ಅದಕ್ಕೆಂದೇ ಮಾನ್ಯತೆ ಪಡೆದವರಿಗೆ ಮಾತ್ರ. ಸೈಕಲ್ ತುಳಿಯುವವರೂ ಇದನ್ನು ನೆನಪಿಡಬೇಕು. ಸ್ವಯಂಸೇವಕ ಕೈಬೀಸಿದ ಮಾತ್ರಕ್ಕೆ ಎದುರಿನ ಲಾರಿ ನಿಲ್ಲುತ್ತದೆಂದು ನುಗ್ಗಬಾರದು.

ಇನ್ನು ಕಾನೂನು. ಇಲ್ಲಿ ಸಂಚಾರಕ್ಕೆಲ್ಲ ಆಧಾರ ಹೈವೇ ಕೋಡ್. ಅದರಲ್ಲಿ 'ಮಸ್ಟ್' ಎಂದಿರುವ ಕಡೆ ಹಿಂದೆ ಕಾಯಿದೆಯಿದೆ, ಮೀರಿದರೆ ಅಪರಾಧ. 'ಶುಡ್' ಎಂದಿರುವುದು ಸಲಹೆ. ಆದರೆ ಅಪಘಾತವಾಗಿ ಪ್ರಕರಣ ನ್ಯಾಯಾಲಯಕ್ಕೆ ಹೋದರೆ ಆ ಸಲಹೆಯನ್ನೇ ನಿಮ್ಮ ಮುಂದೆ ಹಿಡಿಯುತ್ತಾರೆ. 2022ರ ಜನವರಿ 29ರಂದು ಬಂದ ತಿದ್ದುಪಡಿ ಒಂದು ಶ್ರೇಣಿಯನ್ನೇ ಹಾಕಿಕೊಟ್ಟಿತು: ಯಾರ ವಾಹನದಿಂದ ಹೆಚ್ಚು ಹಾನಿಯಾಗಬಲ್ಲದೋ ಅವರ ಹೊಣೆಯೂ ಹೆಚ್ಚು. ಲಾರಿಯವನು ಕಾರಿನವನಿಗೆ, ಕಾರಿನವನು ಸೈಕಲ್ಲಿನವನಿಗೆ, ಸೈಕಲ್ಲಿನವನು ಪಾದಚಾರಿಗೆ ಜಾಗ್ರತೆ ತೋರಬೇಕು. ಊರಿನಲ್ಲಿ ನಾವು ಕಲಿತದ್ದು ಇದರ ತಲೆಕೆಳಗು, ದೊಡ್ಡ ಗಾಡಿಗೇ ದಾರಿ. ಪಾಠ ಓದುವುದು ಸುಲಭ, ಕಾಲಿನ ಅಭ್ಯಾಸ ತಪ್ಪಿಸುವುದು ಕಷ್ಟ. ಭಾರತದ ಪರವಾನಗಿಯಲ್ಲಿ ಇಲ್ಲಿ ನೆಲೆಸಿದ ದಿನದಿಂದ ಹನ್ನೆರಡು ತಿಂಗಳು ಓಡಿಸಬಹುದಾದ್ದರಿಂದ, ಹೈವೇ ಕೋಡ್ ತೆರೆದೇ ನೋಡದೆ ಒಂದು ವರ್ಷ ಓಡಿಸುವವರು ನಮ್ಮಲ್ಲಿ ಕಡಿಮೆಯಿಲ್ಲ.

ಸೈಕಲ್ಲನ್ನು ದಾಟುವಾಗ ಗಂಟೆಗೆ 30 ಮೈಲಿ ವೇಗದವರೆಗೆ ಕನಿಷ್ಠ 1.5 ಮೀಟರ್ ಅಂತರ ಬಿಡಬೇಕು, ಅದಕ್ಕಿಂತ ವೇಗವಿದ್ದರೆ ಇನ್ನೂ ಹೆಚ್ಚು. 1.5 ಮೀಟರ್ ಎಷ್ಟೆಂದರೆ, ಹತ್ತು ವರ್ಷದ ಮಗುವನ್ನು ಅಡ್ಡಲಾಗಿ ಮಲಗಿಸಿದರೆ ಇನ್ನೂ ಸ್ವಲ್ಪ ಜಾಗ ಉಳಿಯುವಷ್ಟು. ಸಸೆಕ್ಸ್‌ನ ಕಿರುರಸ್ತೆಗಳಲ್ಲಿ ಪಕ್ಕದ ಪಥಕ್ಕೆ ಪೂರ್ತಿ ಹೋಗದೆ ಅಷ್ಟು ಜಾಗ ಸಿಗುವುದಿಲ್ಲ. ಎದುರಿನಿಂದ ವಾಹನ ಬರುತ್ತಿದ್ದರೆ ದಾಟುವ ಮಾತೇ ಇಲ್ಲ. ನಡುವೆ ಜೋಡಿ ಬಿಳಿಗೆರೆ ಇದ್ದು ನಿಮ್ಮ ಕಡೆಯದು ತುಂಡಾಗಿರದಿದ್ದರೆ, ಸೈಕಲ್ಲಿನ ವೇಗ ಗಂಟೆಗೆ 10 ಮೈಲಿ ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಮಾತ್ರ ಗೆರೆ ದಾಟಬಹುದು, ಅದೂ ಎದುರುರಸ್ತೆ ಖಾಲಿಯಿದ್ದರೆ.

ನಮ್ಮವರು ಅತಿ ಹೆಚ್ಚು ಸಿಟ್ಟಾಗುವುದು ಇಬ್ಬರು ಅಕ್ಕಪಕ್ಕ ತುಳಿಯುವುದನ್ನು ಕಂಡಾಗ. ಹರಟೆ ಹೊಡೆಯುತ್ತಾ ರಸ್ತೆ ಅಡ್ಡಗಟ್ಟಿದ್ದಾರೆ ಎಂಬ ದೂರು ನನ್ನ ಬಾಯಲ್ಲೂ ಬಂದಿತ್ತು. ಆದರೆ ಅಕ್ಕಪಕ್ಕ ಹೋಗಲು ಹೈವೇ ಕೋಡ್‌ನಲ್ಲೇ ಅವಕಾಶವಿದೆ, ಅದಕ್ಕೆ ಕಾರಣವೂ ಇದೆ. ಹನ್ನೆರಡು ಮಂದಿ ಒಬ್ಬರ ಹಿಂದೊಬ್ಬರು ಹೋದರೆ, ತಲೆಗೆ ಮೂರು ಮೀಟರ್ ಹಿಡಿದರೂ ಸಾಲು 36 ಮೀಟರ್ ಉದ್ದ. ಜೋಡಿಯಾಗಿ ಹೋದರೆ 18. ಒಬ್ಬರಿದ್ದರೂ ಇಬ್ಬರಿದ್ದರೂ ನೀವು ಹೇಗೂ ಪಕ್ಕದ ಪಥಕ್ಕೆ ಹೋಗಲೇಬೇಕು. ಹಾಗಿರುವಾಗ ಗಿಡ್ಡ ಸಾಲನ್ನು ದಾಟುವುದೇ ವಾಸಿ. ಕಾಯುವುದರಿಂದ ಆಗುವ ನಷ್ಟವನ್ನೂ ಲೆಕ್ಕ ಹಾಕಿ ನೋಡಿದ್ದೇನೆ. ಗಂಟೆಗೆ 12 ಮೈಲಿ ವೇಗದ ಗುಂಪಿನ ಹಿಂದೆ ಅರ್ಧ ಮೈಲಿ ಹೋಗಲು ಎರಡೂವರೆ ನಿಮಿಷ ಬೇಕು. 30ರಲ್ಲಿ ಹೋಗಿದ್ದರೆ ಒಂದು ನಿಮಿಷ ಸಾಕಾಗುತ್ತಿತ್ತು. ಕಳೆದುಕೊಂಡದ್ದು ಒಂದೂವರೆ ನಿಮಿಷ; ಕಾಫಿಗಿಟ್ಟ ಹಾಲು ಉಕ್ಕಲೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

"ನಾವು ರಸ್ತೆ ತೆರಿಗೆ ಕಟ್ಟುತ್ತೇವೆ, ಅವರು ಕಟ್ಟುತ್ತಾರೆಯೇ?" ಎಂಬ ವಾದವನ್ನು ಪಕ್ಕದ ಮನೆಯ ಆಂಗ್ಲರೂ ಮಾಡುತ್ತಾರೆ, ನಮ್ಮವರೂ ಅದನ್ನು ಬೇಗ ಕಲಿಯುತ್ತಾರೆ. ಇಲ್ಲಿ ಕಾರಿಗೆ ಕಟ್ಟುವುದು ವಾಹನ ತೆರಿಗೆ, ರಸ್ತೆಯ ತೆರಿಗೆಯಲ್ಲ. ಸ್ಥಳೀಯ ರಸ್ತೆಗಳಿಗೆ ದುಡ್ಡು ಬರುವುದು ಸಾಮಾನ್ಯ ತೆರಿಗೆಯಿಂದ ಮತ್ತು ಕೌನ್ಸಿಲ್ ತೆರಿಗೆಯಿಂದ, ಅದನ್ನು ಸೈಕಲ್ಲಿನವನೂ ಕಟ್ಟುತ್ತಾನೆ.

ಹಾರನ್ ಮತ್ತು ಲೈಟಿನ ವಿಷಯದಲ್ಲಿ ನಾವು ಎಡವುವುದು ನಿಶ್ಚಿತ. ನಮ್ಮಲ್ಲಿ ಲಾರಿಯ ಬೆನ್ನೇ 'ಸೌಂಡ್ ಹಾರನ್' ಎಂದು ಬೇಡಿಕೊಳ್ಳುತ್ತದೆ. ಇಲ್ಲಿ ಹಿಂದಿನಿಂದ ಹಾರನ್ ಬಾರಿಸಿದರೆ ಅದು ಬೈಗುಳ, ಜೊತೆಗೆ ಬೆಚ್ಚಿದ ಸವಾರ ಬೀಳಲೂಬಹುದು. ಲೈಟಿನ ಕತೆ ಇನ್ನೂ ವಿಚಿತ್ರ. ಬಂದ ಹೊಸತರಲ್ಲಿ ಕಿರಿದಾದ ಹಳ್ಳಿರಸ್ತೆಯೊಂದರಲ್ಲಿ, ಎದುರಿಗೆ ಬರುತ್ತಿದ್ದ ನಾಲ್ವರು ಸವಾರರಿಗೆ 'ನಾನು ಬರುತ್ತಿದ್ದೇನೆ, ನಿಲ್ಲಿ' ಎಂಬ ಅರ್ಥದಲ್ಲಿ ಎರಡು ಸಲ ಲೈಟ್ ಮಿನುಗಿಸಿದೆ. ನಾಲ್ವರೂ ನಗುತ್ತಾ ಕೈಯೆತ್ತಿ, ವೇಗ ಹೆಚ್ಚಿಸಿ ನೇರವಾಗಿ ನನ್ನತ್ತಲೇ ಬಂದರು. ನಾನು ಬ್ರೇಕ್ ಒತ್ತಿ ಬೇಲಿಯ ಮುಳ್ಳುಗಂಟಿಗೆ ಕಾರು ತಾಗಿಸಿಕೊಂಡೆ. ಹೈವೇ ಕೋಡ್ ಪ್ರಕಾರ ಲೈಟ್ ಮಿನುಗಿಸುವುದು 'ನಾನಿದ್ದೇನೆ' ಎಂದು ತಿಳಿಸಲು ಮಾತ್ರ. ಆದರೆ ರೂಢಿಯಲ್ಲಿ ಅದರ ಅರ್ಥ 'ನೀವು ಮೊದಲು ಬನ್ನಿ'. ಕಾರಿನ ಬಣ್ಣದ ಆಸೆಯಿದ್ದರೆ ಲೈಟಿನ ಸಹವಾಸ ಬೇಡ.

ಪೊಲೀಸರು ಕಾಣುತ್ತಿಲ್ಲವೆಂದು ನಂಬಿ ಕೂರುವಂತೆಯೂ ಇಲ್ಲ. 2016ರಲ್ಲಿ ವೆಸ್ಟ್ ಮಿಡ್‌ಲ್ಯಾಂಡ್ಸ್ ಪೊಲೀಸರು ಸಾದಾ ಉಡುಪಿನಲ್ಲಿ ಸೈಕಲ್ ಹತ್ತಿ, ತೀರ ಹತ್ತಿರದಿಂದ ದಾಟಿದವರನ್ನು ಹಿಡಿಯಲು ಶುರುಮಾಡಿದರು. ಈಗ ಎಷ್ಟೋ ಸವಾರರ ಹೆಲ್ಮೆಟ್ಟಿನಲ್ಲಿ ಕ್ಯಾಮೆರಾ ಇರುತ್ತದೆ, ಆ ವಿಡಿಯೊಗಳನ್ನು ಪೊಲೀಸರು ಜಾಲತಾಣದಲ್ಲೇ ಸ್ವೀಕರಿಸುತ್ತಾರೆ. ವಾಹನ ಯಾರ ಹೆಸರಿನಲ್ಲಿದೆಯೋ ಅವರಿಗೆ 14 ದಿನಗಳೊಳಗೆ ನೋಟಿಸ್ ಬರುತ್ತದೆ. ಅಜಾಗರೂಕ ಚಾಲನೆಗೆ ಸಾಮಾನ್ಯವಾಗಿ ವಿಧಿಸುವ ನಿಗದಿತ ದಂಡ 100 ಪೌಂಡ್ ಮತ್ತು ಪರವಾನಗಿಯ ಮೇಲೆ ಮೂರು ದಂಡದ ಅಂಕ. ಇಲ್ಲಿನ ಪರೀಕ್ಷೆ ಪಾಸಾದ ಮೊದಲ ಎರಡು ವರ್ಷದಲ್ಲಿ ಆರು ಅಂಕವಾದರೆ ಪರವಾನಗಿಯೇ ರದ್ದು. ಮೈಸೂರಿನಲ್ಲಿ ಇಪ್ಪತ್ತು ವರ್ಷ ಓಡಿಸಿದ್ದೇನೆಂದರೂ ನೀವು ಇಲ್ಲಿ ಹೊಸಬರೇ.

ಕಾರಿನ ಬಾಗಿಲು ಇನ್ನೊಂದು ಅಪಾಯ. ಚಾಲಕರು ಬಲಗಡೆ ಕೂರುವುದರಿಂದ ಎಡಗೈಯಿಂದ ಬಾಗಿಲು ತೆರೆಯಿರಿ. ಆಗ ಮೈ ತಾನಾಗಿಯೇ ತಿರುಗಿ ಹಿಂದೆ ಬರುವ ಸೈಕಲ್ ಕಣ್ಣಿಗೆ ಬೀಳುತ್ತದೆ. ಹಿಂದೆ ಕೂತ ಅತಿಥಿಗಳಿಗೂ ಹೇಳಿಕೊಡಿ. ಬಾಗಿಲು ತೆರೆದು ಯಾರಿಗಾದರೂ ಅಪಾಯ ತಂದರೆ ದಂಡ 1,000 ಪೌಂಡ್‌ವರೆಗೆ ಹೋಗಬಹುದು.

ಈಗ ಸೈಕಲ್ ಹತ್ತುವವರಿಗೆ. ಕಚೇರಿಯ ತಂಡದ ಜೊತೆ ಹೆಸರು ಕೊಟ್ಟು ಬರುವ ಕನ್ನಡಿಗರು ವರ್ಷದಿಂದ ವರ್ಷಕ್ಕೆ ಹೆಚ್ಚು ಕಾಣುತ್ತಿದ್ದಾರೆ. ಇದು ಪಂದ್ಯವಲ್ಲ ಎಂಬುದು ಮೊದಲ ಮಾತು. ಕಾಯಿದೆಯಲ್ಲಿ ಹೆಲ್ಮೆಟ್ ಕಡ್ಡಾಯವಿಲ್ಲದಿದ್ದರೂ ಸಂಘಟಕರು ಸಾಮಾನ್ಯವಾಗಿ ಅದಿಲ್ಲದೆ ಬಿಡುವುದಿಲ್ಲ. ಕೆಂಪು ದೀಪ ನಿಮಗೂ ಕೆಂಪೇ, ದಾಟಿದರೆ 50 ಪೌಂಡ್. ಬೇರೆಯವರನ್ನು ಬಲಗಡೆಯಿಂದಲೇ ದಾಟಿ, ದಾಟುವ ಮುನ್ನ 'ಆನ್ ಯುವರ್ ರೈಟ್' ಎಂದು ಕೂಗಿ. ಗುಂಪಿನಲ್ಲಿ ಹಿಂದಿನಿಂದ ಕಾರು ಬಂದರೆ 'ಕಾರ್ ಬ್ಯಾಕ್' ಎನ್ನುತ್ತಾರೆ. 'ಕಾರ್ ಅಪ್' ಎಂಬ ಕೂಗಿಗೆ ಮಾತ್ರ ಊರಿಗೊಂದು ಅರ್ಥ, ಯಾವುದಕ್ಕೂ ಎರಡೂ ಕಡೆ ನೋಡಿಕೊಳ್ಳಿ. ಹಿಂದೆ ಏಳೆಂಟು ಕಾರು ಜಮಾಯಿಸಿದರೆ ಒಂದೇ ಸಾಲಾಗಿ, ಇಲ್ಲವೇ ಸುರಕ್ಷಿತ ಜಾಗ ಕಂಡಲ್ಲಿ ಬದಿಗೆ ನಿಂತು ಬಿಟ್ಟುಕೊಡಿ. ಹಕ್ಕಿದೆಯೆಂದು ಪಟ್ಟು ಹಿಡಿಯುವ ಸವಾರರನ್ನು ಕಂಡರೆ ನನಗೆ ಹಾರನ್ ಬಾರಿಸುವ ಚಾಲಕರಷ್ಟೇ ಬೇಸರ. ಕುದುರೆ ಎದುರಾದರೆ ನಿಧಾನಿಸಿ, ದೂರದಿಂದಲೇ ಮಾತನಾಡಿಸಿ. ನಿಶ್ಶಬ್ದವಾಗಿ ಹಿಂದಿನಿಂದ ಬರುವ ಸೈಕಲ್ಲಿಗೆ ಅದು ಬೆದರುತ್ತದೆ. ಕಾರಿನವರಾದರೆ ಕುದುರೆಗೆ 2 ಮೀಟರ್ ಅಂತರ, ವೇಗ 10 ಮೈಲಿಯೊಳಗೆ. ದಾರಿಯಲ್ಲಿ ಶಕ್ತಿಗೆಂದು ಹೀರುವ ಎನರ್ಜಿ ಜೆಲ್‌ನ ಖಾಲಿ ಪೊಟ್ಟಣವನ್ನು ಜೇಬಿಗೆ ಹಾಕಿಕೊಳ್ಳಿ. ಹಳ್ಳಿಯವರು ಮರೆಯದೆ ನೆನಪಿಟ್ಟುಕೊಳ್ಳುವುದು ಸವಾರರ ವೇಗವನ್ನಲ್ಲ, ಬೇಲಿಯಲ್ಲಿ ಸಿಕ್ಕ ಆ ಪೊಟ್ಟಣಗಳನ್ನು.

ಚಂದಾ ಕೇಳಿ ಬರುವ ಸಹೋದ್ಯೋಗಿಗೆ ದುಡ್ಡು ಕೊಡುವಾಗ ಗಿಫ್ಟ್ ಏಡ್ ಎಂಬ ಚೌಕ ಕಾಣುತ್ತದೆ. ನೀವು ಇಲ್ಲಿ ತೆರಿಗೆ ಕಟ್ಟುವವರಾದರೆ ಅದಕ್ಕೆ ಗುರುತು ಹಾಕಿ. ನೀವು ಕೊಟ್ಟ ಪ್ರತಿ ಪೌಂಡಿಗೆ ಸರ್ಕಾರ 25 ಪೆನ್ಸ್ ಸೇರಿಸುತ್ತದೆ. ಆ ಭಾನುವಾರ ಗೃಹಪ್ರವೇಶಕ್ಕೆ ನಲವತ್ತು ನಿಮಿಷ ತಡವಾಗಿ ಮುಟ್ಟಿದೆವು, ಬಿಸಿಬೇಳೆಬಾತು ಆರಿತ್ತು. ರಾತ್ರಿ ಅಮ್ಮ ಪರ್ಸಿನಿಂದ ಹತ್ತು ಪೌಂಡ್ ತೆಗೆದು, ಬೆನ್ನಿಗೆ ತಂದೆಯ ಫೋಟೊ ಹಾಕಿಕೊಂಡಿದ್ದವನ ಲೆಕ್ಕಕ್ಕೆ ಸೇರಿಸು ಎಂದರು. ಅವನ ಹೆಸರು ನಮಗೆ ಗೊತ್ತಿರಲಿಲ್ಲ, ಸಂಸ್ಥೆಯ ಸಾಮಾನ್ಯ ಪುಟದಲ್ಲಿ ಅಮ್ಮನ ಹೆಸರಿನಲ್ಲೇ ಕಟ್ಟಿದೆ. ಅವರು ಇಲ್ಲಿ ತೆರಿಗೆ ಕಟ್ಟುವವರಲ್ಲವಾದ್ದರಿಂದ ಗಿಫ್ಟ್ ಏಡ್ ಚೌಕವನ್ನು ಖಾಲಿ ಬಿಟ್ಟೆ.