‘ಸ್ವಲ್ಪ ಓದಿ ಹೇಳ್ರಿ’ ಅಂದಾಗ ಹೇಳಬೇಕಾದದ್ದು ಏನು?

ನಮ್ಮ ಕೊಪ್ಪಳದ ಕಡೆ ಯಾರೇ ಏನೇ ಬರೆಯಲಿ, ಸಿಗುವುದು ಎರಡೇ ಅಭಿಪ್ರಾಯ. ಎದುರಿಗಿದ್ದಾಗ ‘ಭಾಳ ಚೊಲೋ ಬಂದೈತ್ರಿ’. ಅವರು ಅತ್ತ ಹೋದ ಮೇಲೆ ಚಹಾದಂಗಡಿಯಲ್ಲಿ ‘ಏನ್ ಬರೀತಾನೋ ಮಾರಾಯ, ತಲಿ ಇಲ್ಲ ಬುಡ ಇಲ್ಲ’. ಬೀಗರ ಮನೆ ಊಟ ಹೊಗಳಿದ ಹಾಗೆ ಹೊಗಳಿದರೆ ಬರೆದವರಿಗೆ ಏನೂ ತಿಳಿಯುವುದಿಲ್ಲ. ಇನ್ನು ಚಹಾದಂಗಡಿಯ ಮಾತು, ಅದು ಅವರ ಕಿವಿಗೆ ಬೀಳುವ ಹೊತ್ತಿಗೆ ಬರೀ ಜಗಳವಾಗಿರುತ್ತದೆ.

ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಕುಕನೂರು, ಎಲ್ಲಿ ಕವಿಗೋಷ್ಠಿ ಇಟ್ಟರೂ ಓದುವವರಿಗೆ ಕೊರತೆ ಇಲ್ಲ. ಶಾಲೆ ಮಾಸ್ತರರು, ನರ್ಸುಗಳು, ಕಾಲೇಜು ಹುಡುಗರು, ಬ್ಯಾಂಕಿನಿಂದ ನಿವೃತ್ತರಾದವರು ಇದ್ದಾರೆ. ಇಡೀ ಮನೆತನದಲ್ಲೇ ಮೊದಲ ಸಲ ಪೆನ್ನು ಹಿಡಿದವರೂ ಇದ್ದಾರೆ. ಇವರಲ್ಲಿ ಒಬ್ಬರು ನಾಲ್ಕು ಹಾಳೆ ಕೈಗಿಟ್ಟು, ಇಲ್ಲವೇ ಮೊಬೈಲಿಗೆ ಪಿಡಿಎಫ್ ಕಳಿಸಿ, ‘ಸ್ವಲ್ಪ ಓದಿ ಹೇಳ್ರಿ’ ಅನ್ನುತ್ತಾರೆ. ಆಗ ಏನು ಮಾಡಬೇಕು?

ಕೇಳಿದ್ದಾರಾ ಇಲ್ಲವಾ, ಮೊದಲು ಅದನ್ನು ನೋಡಿ

ಕೇಳದೆ ತಿದ್ದಲು ಹೋಗಬೇಡಿ. ಅವರು ಸಂತೋಷಕ್ಕೆ ಒಂದು ಕವನ ಓದಿ ತೋರಿಸಿದರೆ ಕೇಳಿ, ಖುಷಿಪಡಿ, ಅಷ್ಟೇ ಸಾಕು. ಅಚ್ಚಾಗಿ ಅಂಗಡಿಗೆ ಬಂದ ಪುಸ್ತಕದ ಮಾತು ಬೇರೆ. ದುಡ್ಡು ಕೊಟ್ಟು ಕೊಂಡವರು ಅದರ ಬಗ್ಗೆ ನಾಲ್ಕು ಜನರ ಮುಂದೆಯೂ ಮಾತಾಡಬಹುದು, ಬರೆಯಲೂಬಹುದು. ಹಸ್ತಪ್ರತಿ ಮಾತ್ರ ನಿಮ್ಮನ್ನು ನಂಬಿ ಕೊಟ್ಟದ್ದು. ಅದನ್ನು ಇನ್ನೊಬ್ಬರಿಗೆ ಫಾರ್ವರ್ಡ್ ಮಾಡುವುದು, ಅದರ ಒಂದು ಸಾಲು ಹಿಡಿದು ಗೆಳೆಯರ ನಡುವೆ ನಗುವುದು ಎರಡೂ ತಪ್ಪು.

ಕೆಲಸ ಯಾವ ಹಂತದಲ್ಲಿದೆ ಅಂತ ಕೇಳಿ

ಈ ಒಂದು ಪ್ರಶ್ನೆ ಕೇಳಿದರೆ ಅರ್ಧ ಜಗಳ ತಪ್ಪುತ್ತದೆ. ‘ಇದು ಇನ್ನೂ ಬರೀತಾ ಇರೋದಾ, ಇಲ್ಲ ಪ್ರೆಸ್ಸಿಗೆ ಹೊಂಟೈತಾ?’ ಡಿಟಿಪಿ ಮುಗಿದು, ಮುಖಪುಟ ಅಚ್ಚಾಗಿ, ಬಿಡುಗಡೆಗೆ ಸ್ವಾಮಿಗಳ ದಿನಾಂಕವೂ ಸಿಕ್ಕ ಮೇಲೆ ‘ಮೂರನೇ ಅಧ್ಯಾಯ ತೆಗೆದರೆ ಚೆನ್ನಾಗಿರುತ್ತಿತ್ತು’ ಅಂದರೆ ಅವರು ಏನು ಮಾಡಬೇಕು? ಆ ಹೊತ್ತಿನಲ್ಲಿ ಕಾಗುಣಿತ, ಊರಿನ ಹೆಸರು, ಇಸವಿ, ಇಷ್ಟನ್ನು ನೋಡಿ ಕೊಡಿ. ಇನ್ನೂ ಬರೆಯುತ್ತಿದ್ದಾರೆ ಅಂದರೆ ಕಾಗುಣಿತದ ಗೊಡವೆಯೇ ಬೇಡ. ಹೇಗೂ ಆ ಪುಟ ಮತ್ತೆ ಬದಲಾಗುತ್ತದೆ.

ಅವರಿಗೆ ಎಲ್ಲಿ ಅನುಮಾನ ಇದೆ ಅಂತಲೂ ಕೇಳಿಕೊಳ್ಳಿ. ‘ಕೊನೆ ಸರಿ ಬಂದಿಲ್ಲ ಅನ್ನಿಸ್ತದ’ ಅಂತ ಅವರೇ ಹೇಳಿದರೆ ನೀವು ಕಣ್ಣಿಡಬೇಕಾದ ಜಾಗ ಸಿಕ್ಕಿತು.

ಎರಡು ಸಲ ಓದಿ, ಮೊದಲ ಸಲ ಪೆನ್ನಿಲ್ಲದೆ

ಪೆನ್ನು ಕೈಯಲ್ಲಿದ್ದರೆ ಕಣ್ಣು ತಪ್ಪನ್ನೇ ಹುಡುಕುತ್ತದೆ. ಮೊದಲ ಸಲ ಸುಮ್ನೆ ಓದಿ. ಎಲ್ಲಿ ನಕ್ಕಿರಿ, ಎಲ್ಲಿ ಮೊಬೈಲ್ ನೋಡಬೇಕು ಅನ್ನಿಸಿತು, ಎಲ್ಲಿ ಹಿಂದಿನ ಪುಟಕ್ಕೆ ಹೋಗಬೇಕಾಯಿತು, ಇಷ್ಟು ನೆನಪಿದ್ದರೆ ಸಾಕು. ಎರಡನೇ ಸಲ ಪೆನ್ಸಿಲ್ ಹಿಡಿಯಿರಿ. ಕೆಂಪು ಪೆನ್ನು ಬೇಡ. ಕೆಂಪು ಗೀಟು ಕಂಡರೆ ಐವತ್ತು ವರ್ಷದವರೂ ಏಳನೇ ತರಗತಿಯ ಬೆಂಚಿಗೆ ವಾಪಸು ಹೋಗುತ್ತಾರೆ.

ಕವನವನ್ನು ಗಟ್ಟಿಯಾಗಿ ಓದಿ. ಗಜಲ್ ಆದರಂತೂ ಓದಲೇಬೇಕು. ಕನ್ನಡದಲ್ಲಿ ಗಜಲ್‌ಗೆ ದಾರಿ ಹಾಕಿಕೊಟ್ಟವರಲ್ಲಿ ಮುಖ್ಯರಾದ ಶಾಂತರಸರು ಪಕ್ಕದ ರಾಯಚೂರು ಜಿಲ್ಲೆಯವರು. ನಮ್ಮ ಭಾಗದಲ್ಲಿ ಗಜಲ್ ಬರೆಯುವವರು ಇವತ್ತಿಗೂ ಜಾಸ್ತಿ. ಹಾಗಾಗಿ ‘ಇದು ಗಜಲೇ ಅಲ್ಲ’ ಅನ್ನುವ ಮಾತೂ ಇಲ್ಲಿ ಜಾಸ್ತಿ ಕೇಳಿಸುತ್ತದೆ. ಹಾಗೆನ್ನುವ ಮುಂಚೆ ಅದರ ಕಟ್ಟು ನಿಮಗೇ ಗೊತ್ತಿರಬೇಕು. ಗಜಲಿನ ಎರಡು ಸಾಲಿನ ಪದ್ಯಕ್ಕೆ ಶೇರ್ ಅನ್ನುತ್ತಾರೆ. ಮೊದಲ ಶೇರ್, ಅಂದರೆ ಮತ್ಲಾದ ಎರಡೂ ಸಾಲಿನಲ್ಲಿ ಕಾಫಿಯಾ (ಪ್ರಾಸ) ಮತ್ತು ರದೀಫ್ (ಪ್ರಾಸದ ನಂತರ ಮತ್ತೆ ಮತ್ತೆ ಬರುವ ಅದೇ ಪದ) ಬರಬೇಕು. ಆಮೇಲಿನ ಪ್ರತಿ ಶೇರ್‌ನ ಎರಡನೇ ಸಾಲಿನಲ್ಲಿ ಬಂದರೆ ಸಾಕು. ಕೊನೆಯ ಶೇರ್, ಅಂದರೆ ಮಕ್ತಾದಲ್ಲಿ ಕವಿ ತನ್ನ ಕಾವ್ಯನಾಮ ಇಡುವುದು ರೂಢಿ. ಒಂದೊಂದು ಶೇರ್ ತನ್ನಷ್ಟಕ್ಕೆ ತಾನೇ ನಿಲ್ಲಬಹುದು. ಹಾಗಾಗಿ ‘ಒಂದಕ್ಕೊಂದು ಸಂಬಂಧ ಇಲ್ಲ’ ಅನ್ನುವುದು ಗಜಲಿನ ಮೇಲಿನ ದೂರೇ ಅಲ್ಲ. ರದೀಫ್ ಇಲ್ಲದ ಗಜಲ್‌ಗಳೂ ಇವೆ. ಇಷ್ಟು ಗೊತ್ತಿದ್ದರೆ ‘ನಾಲ್ಕನೇ ಶೇರ್‌ನಲ್ಲಿ ಕಾಫಿಯಾ ತಪ್ಪಿದೆ, ನೋಡಿ’ ಅಂತ ಬೆರಳಿಟ್ಟು ತೋರಿಸಬಹುದು. ಗೊತ್ತಿಲ್ಲದಿದ್ದರೆ ಕಿವಿಗೆ ಹೇಗೆ ಕೇಳಿಸಿತು ಅಂತಷ್ಟೇ ಹೇಳಿ. ಅದೂ ಸಣ್ಣ ಸಹಾಯವಲ್ಲ.

ದೊಡ್ಡದನ್ನು ಮೊದಲು ಹೇಳಿ, ಕಾಗುಣಿತ ಕೊನೆಗೆ

9ನೇ ಶತಮಾನದ ‘ಕವಿರಾಜಮಾರ್ಗ’ ತಿರುಳ್ಗನ್ನಡದ, ಅಂದರೆ ಅಚ್ಚ ಕನ್ನಡದ, ನಾಡು ಯಾವುದು ಅಂತ ಹೇಳುವಾಗ ನಾಲ್ಕು ಊರುಗಳನ್ನು ಎಣಿಸುತ್ತದೆ. ಅದರಲ್ಲಿ ಕೊಪಣನಗರ, ಅಂದರೆ ನಮ್ಮ ಕೊಪ್ಪಳವೂ ಒಂದು. ಆ ಸಾಲನ್ನು ನಾವು ಸಭೆಸಭೆಯಲ್ಲೂ ಹೇಳಿಕೊಂಡು ಎದೆ ಉಬ್ಬಿಸುತ್ತೇವೆ. ಅದೇ ಪುಸ್ತಕದಲ್ಲಿ, ಅಲ್ಲೇ ಹತ್ತಿರದಲ್ಲಿ, ಇನ್ನೊಂದು ಮಾತಿದೆ. ಜಾಣರಲ್ಲದವರೂ ತಿಳಿದವರ ಹಾಗೆ, ಎಲ್ಲೋ ಒಂದಿಷ್ಟು ತಪ್ಪಿನ ಜಾಗ ಕಂಡರೆ ಸಾಕು, ಬಿಡದೆ ಅದನ್ನೇ ಹಿಡಿದು ಕೃತಿಯನ್ನು ಹಳಿಯುತ್ತಾರೆ ಅಂತ. ಇದನ್ನು ಯಾರೂ ಭಾಷಣದಲ್ಲಿ ಹೇಳುವುದಿಲ್ಲ ನೋಡಿ!

ಈಗ ಆ ‘ಒಂದಿಷ್ಟು ತಪ್ಪಿನ ಜಾಗ’ ಹೆಚ್ಚಾಗಿ ಕಾಗುಣಿತವೇ. ಮಹಾಪ್ರಾಣ ಬಿಟ್ಟುಹೋಗಿದೆ, ಶ-ಷ ಅದಲುಬದಲಾಗಿದೆ ಅಂತ ಎರಡು ಪುಟ ಪಟ್ಟಿ ಮಾಡಿ ಕೊಡುವವರು ಕಥೆಯ ಬಗ್ಗೆ ಒಂದು ಮಾತೂ ಆಡಿರುವುದಿಲ್ಲ. ಆ ತಪ್ಪಿನಲ್ಲಿ ಎಷ್ಟೋ ಬರೆದವರದ್ದೂ ಅಲ್ಲ. ‘ನುಡಿ’ ತಂತ್ರಾಂಶದಲ್ಲಿ ಟೈಪಾದದ್ದನ್ನು ಯೂನಿಕೋಡ್‌ಗೆ ತಿರುಗಿಸಿದಾಗ ಅರ್ಕಾವತ್ತು ಎಲ್ಲೆಲ್ಲೋ ಹಾರುತ್ತದೆ. ಮೊಬೈಲಿನಲ್ಲಿ ಮಾತಾಡಿ ಟೈಪ್ ಮಾಡಿಸಿದರೆ ಯಂತ್ರ ತನಗೆ ಕೇಳಿಸಿದ್ದನ್ನು ಬರೆಯುತ್ತದೆ. ಕಾಗುಣಿತ ತಿದ್ದಬೇಕು, ನಿಜ. ಆದರೆ ಅದು ಕೊನೆಯ ಕೆಲಸ. ಬೇರೆ ಹಾಳೆಯಲ್ಲಿ ಬರೆದು ಕೊಟ್ಟುಬಿಡಿ, ಅದರ ಮೇಲೆ ಚರ್ಚೆ ಬೇಡ.

ಆಡುಮಾತನ್ನು ಕಾಗುಣಿತದ ಲೆಕ್ಕಕ್ಕೆ ಸೇರಿಸಲೇಬೇಡಿ. ಕಥೆಯಲ್ಲಿ ಕುಷ್ಟಗಿಯ ಅಜ್ಜಿ ‘ಮಳಿ ಬರಾಕತ್ತೈತಿ’ ಅಂದರೆ ಅದು ತಪ್ಪಲ್ಲ. ಅದೇ ಅಜ್ಜಿ ಮುಂದಿನ ಸಾಲಿನಲ್ಲಿ ‘ಮಳೆ ನಿಂತಿದೆ’ ಅಂದರೆ ಆಗ ಕೇಳಬಹುದು, ‘ಅಜ್ಜಿ ಇಲ್ಲಿ ಯಾಕೆ ಪುಸ್ತಕದ ಹಾಗೆ ಮಾತಾಡ್ತಾಳೆ?’ ಅಂತ.

ಹೇಳುವ ಬಗೆ

ಅಸಲಿ ಕೆಲಸ ಇರುವುದು ಇಲ್ಲೇ. ಓದುವಾಗ ನಿಮಗೇನಾಯಿತು ಅನ್ನುವುದನ್ನು ಜಾಗ ತೋರಿಸಿ ಹೇಳಿ. ತೀರ್ಪು ಕೊಡಬೇಡಿ.

‘ಕಥೆ ಬೋರು’ ಅನ್ನುವುದು ತೀರ್ಪು. ಅದನ್ನು ಕೇಳಿಸಿಕೊಂಡು ಯಾರೂ ಏನೂ ತಿದ್ದಲಾರರು. ಅದರ ಬದಲು ಹೀಗನ್ನಿ: ‘ಮೂರನೇ ಪುಟದಲ್ಲಿ ಸಂತೆಯ ವರ್ಣನೆ ಶುರುವಾಯಿತು. ಅಲ್ಲಿಂದ ಮಗ ಕಳೆದುಹೋಗಿದ್ದಾನೆ ಅನ್ನುವುದೇ ನನಗೆ ಮರೆತುಹೋಯಿತು. ಐದನೇ ಪುಟದಲ್ಲಿ ಅವನ ಹೆಸರು ಬಂದಾಗ ಯಾರಿವನು ಅಂತ ಹಿಂದಕ್ಕೆ ತಿರುವಿದೆ.’ ಈಗ ಬರೆದವರಿಗೆ ದಾರಿಗಳು ಕಾಣುತ್ತವೆ. ಸಂತೆಯನ್ನು ಕಡಿಮೆ ಮಾಡಬಹುದು, ಸಂತೆಯಲ್ಲೇ ತಾಯಿ ಮಗನನ್ನು ಹುಡುಕುವ ಹಾಗೆ ಬರೆಯಬಹುದು, ಅಥವಾ ನಿಮ್ಮ ಮಾತನ್ನು ಪಕ್ಕಕ್ಕಿಟ್ಟು ಇದ್ದ ಹಾಗೇ ಬಿಡಬಹುದು. ಯಾವ ದಾರಿ ಅನ್ನುವುದು ಅವರಿಗೆ ಬಿಟ್ಟದ್ದು.

ಹೊಗಳುವಾಗಲೂ ಇದೇ ಲೆಕ್ಕ. ‘ಚೊಲೋ ಐತಿ’ ಅಂದರೆ ಏನು ಚೊಲೋ? ‘ಅಪ್ಪ ಎತ್ತು ಮಾರಿ ಬಂದ ದಿನ ಹಗ್ಗವನ್ನು ಮಾತ್ರ ಗೂಟಕ್ಕೆ ಕಟ್ಟುತ್ತಾನಲ್ಲ, ಅಲ್ಲಿ ಓದು ನಿಂತೇಹೋಯಿತು’ ಅನ್ನಿ. ಮುಂದಿನ ಸಲ ತಿದ್ದುವಾಗ ಅವರು ಆ ಸಾಲನ್ನು ಕಾಪಾಡಿಕೊಳ್ಳುತ್ತಾರೆ. ಎಷ್ಟೋ ಜನ ತಮ್ಮ ಒಳ್ಳೆಯ ಸಾಲನ್ನೇ ತೆಗೆದುಹಾಕುತ್ತಾರೆ, ಅದು ಒಳ್ಳೆಯದು ಅಂತ ಯಾರೂ ಹೇಳಿರುವುದಿಲ್ಲ. ಮೊದಲು ಎರಡು ಹೊಗಳಿಕೆ, ನಡುವೆ ಒಂದು ಟೀಕೆ, ಕೊನೆಗೆ ಮತ್ತೊಂದು ಹೊಗಳಿಕೆ ಅನ್ನುವ ಸೂತ್ರದ ಮೇಲೆ ನನಗೆ ನಂಬಿಕೆ ಇಲ್ಲ. ‘ಆದರೆ’ ಯಾವಾಗ ಬರುತ್ತದೆ ಅಂತ ಜನ ಕಾಯುತ್ತಾ ಕೂರುತ್ತಾರೆ, ಹೊಗಳಿದ್ದು ಕಿವಿಗೇ ಹೋಗುವುದಿಲ್ಲ.

ಸಾಲನ್ನು ನೀವೇ ಬರೆದು ಕೊಡಬೇಡಿ. ಉರ್ದು ಕಾವ್ಯದಲ್ಲಿ ಉಸ್ತಾದರು ಶಿಷ್ಯರ ಶೇರ್‌ಗಳನ್ನು ತಿದ್ದುವ ‘ಇಸ್ಲಾಹ್’ ಅನ್ನುವ ಪದ್ಧತಿ ಇದೆ, ಹೌದು. ಆದರೆ ಶಿಷ್ಯ ಅದಕ್ಕೆಂದೇ ಉಸ್ತಾದರ ಹತ್ತಿರ ಹೋಗಿರುತ್ತಾನೆ. ನಿಮ್ಮನ್ನು ಯಾರೂ ಉಸ್ತಾದರನ್ನಾಗಿ ಮಾಡಿಕೊಂಡಿಲ್ಲ, ಅಲ್ವಾ?

ವಿಷಯದ ತಪ್ಪಿದ್ದರೆ ನೇರವಾಗಿ ಹೇಳಿ

ಇಲ್ಲಿ ಮಾತ್ರ ಸಂಕೋಚ ಬೇಡ. ತುಂಗಭದ್ರಾ ಡ್ಯಾಮಿನ ಮೇಲೆ ಒಬ್ಬರು ಕಥೆ ಬರೆದಿದ್ದಾರೆ ಅಂದುಕೊಳ್ಳಿ. 2024ರ ಆಗಸ್ಟ್‌ನಲ್ಲಿ ‘ಅಣೆಕಟ್ಟು ಒಡೆಯಿತು’ ಅಂತ ಅದರಲ್ಲಿದೆ. ಒಡೆದದ್ದು ಅಣೆಕಟ್ಟಲ್ಲ. 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ಆಗಸ್ಟ್ 10ರ ರಾತ್ರಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ಅಲ್ಲಿಗೆ ತಾತ್ಕಾಲಿಕ ಸ್ಟಾಪ್‌ಲಾಗ್, ಅಂದರೆ ನೀರು ತಡೆಯುವ ಉಕ್ಕಿನ ಹಲಗೆ, ಇಳಿಸಿದರು. ಮುನಿರಾಬಾದಿನಿಂದ ಗಂಗಾವತಿಯವರೆಗೆ ಕಾಲುವೆ ನೀರು ನಂಬಿದವರು ಆ ದಿನಗಳಲ್ಲಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಅಂಥ ಓದುಗರು ಈ ತಪ್ಪನ್ನು ಮೊದಲ ಸಾಲಿನಲ್ಲೇ ಹಿಡಿಯುತ್ತಾರೆ, ಆಮೇಲೆ ಕಥೆಯನ್ನು ನಂಬುವುದಿಲ್ಲ. ‘ಗೇಟು ಹೋದದ್ದು, ಅಣೆಕಟ್ಟಲ್ಲ. ಇಸವಿ, ಗೇಟ್ ನಂಬರ್ ಇದು’ ಅಂತ ಬರೆದುಕೊಡಿ. ಇದರಿಂದ ಯಾರಿಗೂ ಬೇಜಾರಾಗುವುದಿಲ್ಲ. ಆದರೂ ಕಥೆಗಾರರು ಬೇಕೆಂದೇ ಹಾಗೆ ಕಲ್ಪಿಸಿಕೊಂಡಿರಬಹುದು. ಅದನ್ನೂ ಕೇಳಿ ತಿಳಿದುಕೊಳ್ಳಿ.

ಬರೆದವರನ್ನು ಬಿಡಿ, ಬರಹವನ್ನು ಹಿಡಿಯಿರಿ

ಹೆಣ್ಣುಮಕ್ಕಳು ಪ್ರೇಮದ ಕವನವನ್ನೋ ಮುರಿದ ಸಂಸಾರದ ಕಥೆಯನ್ನೋ ಬರೆದರೆ ‘ಇದು ನಿಮ್ಮದೇ ಕಥಿ ಏನ್ರಿ ಅಕ್ಕಾರ?’ ಅಂತ ಕೇಳುವವರಿದ್ದಾರೆ. ಕೇಳಬೇಡಿ. ಕವನದ ‘ನಾನು’ ಕವಿಯೇ ಆಗಬೇಕಿಲ್ಲ. ಗಂಡಸರು ಬರೆದಾಗ ಈ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ ಅನ್ನುವುದನ್ನು ಗಮನಿಸಿ. ಜಾತಿಯ ಅನುಭವ ಬರೆದವರಿಗೆ ‘ಬರೀ ಸಿಟ್ಟೇ ಐತಲ್ಲ’ ಅನ್ನುವುದು ಕೂಡ ಬರಹದ ಬಗ್ಗೆ ಆಡಿದ ಮಾತಲ್ಲ. ಸಿಟ್ಟು ಯಾವ ಸಾಲಿನಲ್ಲಿ ನಿಮ್ಮನ್ನು ತಟ್ಟಿತು, ಯಾವ ಸಾಲಿನಲ್ಲಿ ಘೋಷಣೆಯ ಹಾಗೆ ಕೇಳಿಸಿತು, ಅದನ್ನು ಹೇಳಿ.

ಹಿರಿಯರಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟ. ನಿಮಗೆ ಅಕ್ಷರ ಕಲಿಸಿದ ಮಾಸ್ತರರೇ ಕವನ ಸಂಕಲನ ತಂದು ಕೊಟ್ಟರೆ? ಸುಳ್ಳು ಹೊಗಳಿಕೆ ಬೇಡ, ಪಾಠವೂ ಬೇಡ. ‘ಮಾಸ್ತರ, ಈ ಎಂಟನೇ ಕವನದಾಗ ನದಿ ಅಂದ್ರ ಯಾರು ಅಂತ ನನಗ ತಿಳೀಲಿಲ್ರಿ’ ಅಂತ ನಿಜವಾಗಿ ತಿಳಿಯದಿದ್ದದ್ದನ್ನು ಕೇಳಿ. ಅವರು ವಿವರಿಸುತ್ತಾರೆ. ಎಷ್ಟೋ ಸಲ ವಿವರಿಸುವಾಗಲೇ ಅವರಿಗೆ ಹೊಳೆಯುತ್ತದೆ, ಬಾಯಲ್ಲಿ ಹೇಳಿದ್ದು ಹಾಳೆಯಲ್ಲಿ ಇಲ್ಲ ಅಂತ.

ನೀವೇ ಹಿರಿಯರಾಗಿದ್ದರೆ ಇನ್ನೂ ಹುಷಾರು. ಇಪ್ಪತ್ತರ ಹುಡುಗನಿಗೆ ‘ಮೊದಲು ದೊಡ್ಡವರನ್ನ ಓದಪಾ’ ಅಂದು ಹಾಳೆ ವಾಪಸು ಕೊಟ್ಟರೆ ಅವನು ಓದುವುದೂ ಇಲ್ಲ, ಬರೆಯುವುದೂ ಇಲ್ಲ.

ಕದ್ದ ಸಾಲು ಅನ್ನಿಸಿದರೆ, ಎಐ ಹತ್ತಿರ ಬರೆಸಿದ್ದು ಅನ್ನಿಸಿದರೆ, ಎಲ್ಲರ ಮುಂದೆ ಆಡಬೇಡಿ. ಮೂಲ ಸಿಕ್ಕಿದ್ದರೆ ಎರಡನ್ನೂ ಅಕ್ಕಪಕ್ಕ ಇಟ್ಟು, ಅವರೊಬ್ಬರೇ ಇದ್ದಾಗ ಕೇಳಿ. ಬರೀ ಅನುಮಾನ ಇದ್ದರೆ ಬಾಯಿ ಮುಚ್ಚಿಕೊಂಡಿರಿ.

ಕವಿಗೋಷ್ಠಿಯ ಅಧ್ಯಕ್ಷರಾದರೆ

ಇಪ್ಪತ್ತು ಜನ ಓದಿರುತ್ತಾರೆ, ಊಟದ ಹೊತ್ತು ಮೀರಿರುತ್ತದೆ. ಅಧ್ಯಕ್ಷರು ಎದ್ದು ‘ಎಲ್ಲರೂ ಚೆನ್ನಾಗಿ ಓದಿದರು, ಅಧ್ಯಯನ ಇನ್ನೂ ಬೇಕು’ ಅಂದು ತಮ್ಮದೊಂದು ಕವನ ಓದಿ ಕೂರುತ್ತಾರೆ. ಇದಕ್ಕಿಂತ ಸುಲಭದ ಕೆಲಸ ಒಂದಿದೆ. ಒಬ್ಬೊಬ್ಬರು ಓದುವಾಗಲೂ ಮನಸ್ಸಿಗೆ ಹಿಡಿದ ಒಂದು ಸಾಲು ಬರೆದಿಟ್ಟುಕೊಳ್ಳಿ. ಕೊನೆಗೆ ಹೆಸರಿನ ಜೊತೆ ಆ ಸಾಲು ಓದಿ. ವೇದಿಕೆಯಲ್ಲಿ ತಪ್ಪು ಎತ್ತಿ ತೋರಿಸಬೇಡಿ. ಮನೆಯವರು, ಮಕ್ಕಳು ಎದುರಿಗೆ ಕೂತಿರುತ್ತಾರೆ. ಬೇಕಾದವರು ಕೆಳಗಿಳಿದ ಮೇಲೆ ಬಂದು ಕೇಳುತ್ತಾರೆ.

ಒಲ್ಲೆ ಅನ್ನಬೇಕಾದಾಗ

ಸಮಯ ಇಲ್ಲದಿದ್ದರೆ, ಆ ಬಗೆಯ ಬರಹ ನಿಮಗೆ ಒಗ್ಗದಿದ್ದರೆ, ಮೊದಲೇ ಹೇಳಿ. ಇಸಿದುಕೊಂಡು ಆರು ತಿಂಗಳು ಕಪಾಟಿನಲ್ಲಿ ಇಡುವುದು ಎಲ್ಲ ಟೀಕೆಗಿಂತ ಕೆಟ್ಟದ್ದು. ಮುನ್ನುಡಿ ಕೇಳಿದರಂತೂ ಪೂರ್ತಿ ಓದಿದ ಮೇಲೆಯೇ ಹೂಂ ಅನ್ನಿ. ತಕರಾರು ಇದ್ದರೆ ಅಚ್ಚಿಗೆ ಹೋಗುವ ಮುಂಚೆ ಅವರ ಹತ್ತಿರ ಮಾತಾಡಿ ಮುಗಿಸಿ. ಒಪ್ಪದ ಪುಸ್ತಕಕ್ಕೆ ಮುನ್ನುಡಿ ಬರೆದು, ಅದರೊಳಗೆ ‘ಕವಿ ಇನ್ನೂ ಮಾಗಬೇಕಿದೆ’ ಅಂತ ಚುಚ್ಚುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆ ಸಾಲು ಕವಿಯದೇ ದುಡ್ಡಿನಲ್ಲಿ ಅಚ್ಚಾಗಿ, ಕವಿಯದೇ ಪುಸ್ತಕದ ಮೊದಲ ಪುಟಗಳಲ್ಲಿ ಕೂತಿರುತ್ತದೆ. ‘ಇದಕ್ಕೆ ನ್ಯಾಯ ಒದಗಿಸೋದು ನನ್ನಿಂದ ಆಗೂದಿಲ್ರಿ, ಬೇರೆಯವರನ್ನ ಕೇಳ್ರಿ’ ಅಂದರೆ ಒಂದು ದಿನ ಬೇಸರ ಆಗಬಹುದು. ಬರೆಯುತ್ತೇನೆ ಅಂದರೆ ಮಾತ್ರ ತಾರೀಖು ಹೇಳಿ, ಆ ತಾರೀಖಿಗೆ ಕೊಡಿ. ಡಿಟಿಪಿಯವರು ನಿಮ್ಮ ಎರಡು ಪುಟಕ್ಕೇ ಕಾಯುತ್ತಿರುತ್ತಾರೆ.