ಅಣಬೆ ತೊಳೆಯುವ ಮೊದಲು ಹುಲ್ಲು ಎಲ್ಲಿಯದು ಅಂತ ಕೇಳಿ

ಅಣಬೆ ತಂದ ಕೂಡಲೇ ಉಪ್ಪುನೀರಿಗೆ ಹಾಕಿ ತಿಕ್ಕಿ ತೊಳೆಯುವುದು ನಮ್ಮಲ್ಲಿ ವಾಡಿಕೆ. ಮಣ್ಣು, ಕಸ ಹೋಗುತ್ತದೆ, ಸರಿ. ಆದರೆ ಕ್ಯಾಡ್ಮಿಯಂ, ಸೀಸ, ಆರ್ಸೆನಿಕ್, ಪಾದರಸದಂಥ ವಿಷಲೋಹಗಳು ಮೇಲೆ ಅಂಟಿಕೊಂಡಿರುವಂಥವಲ್ಲ. ಅಣಬೆ ಬೆಳೆಯುವಾಗಲೇ ಹುಲ್ಲು, ಗೊಬ್ಬರ, ನೀರಿನಿಂದ ಅವನ್ನು ಹೀರಿ ಒಳಗೆ ಇಟ್ಟುಕೊಂಡಿರುತ್ತದೆ. ಕಾಂಡಕ್ಕಿಂತ ಕೊಡೆಯಲ್ಲೇ ಸಾಮಾನ್ಯವಾಗಿ ಜಾಸ್ತಿ. ತೊಳೆದರೆ ಅದು ಹೋಗುವುದಿಲ್ಲ.

ಮನೆಯಲ್ಲೇ ಚಿಪ್ಪು ಅಣಬೆ ಬೆಳೆಯುವವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಬೀಜವನ್ನು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಿಂದಲೇ ಆಗಬೇಕು ಅಂತ ಹುಡುಕಿ ತರುತ್ತಾರೆ, ಹುಲ್ಲು ಮಾತ್ರ ಅಗ್ಗಕ್ಕೆ ಎಲ್ಲಿ ಸಿಕ್ಕರೆ ಅಲ್ಲಿಂದ! ಭತ್ತದ ಪೈರು ಆರ್ಸೆನಿಕ್ ಹೀರಿದರೆ ಅಕ್ಕಿಗಿಂತ ಹುಲ್ಲಿನಲ್ಲೇ ಜಾಸ್ತಿ ಉಳಿಯುತ್ತದೆ. ಆದ್ದರಿಂದ ಬೆಂಗಳೂರಿನ ವೃಷಭಾವತಿ ನದಿಯಂಥ ಕೊಳಚೆ, ಕಾರ್ಖಾನೆ ನೀರು ಹರಿಸಿದ ಗದ್ದೆಯ ಹುಲ್ಲು ಬೇಡ. ರಾಯಚೂರು, ಯಾದಗಿರಿ ಕಡೆ ಕೆಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಆರ್ಸೆನಿಕ್ ಕಂಡುಬಂದಿದೆ. ಅಲ್ಲಿಯವರು ಹುಲ್ಲು ನೆನೆಸುವ ಮುಂಚೆ ನೀರನ್ನು ಪರೀಕ್ಷೆ ಮಾಡಿಸಿಕೊಳ್ಳಿ. ಕುದಿಸಿದರೆ ಆರ್ಸೆನಿಕ್ ಹೋಗುತ್ತದೆ ಅಂದುಕೊಳ್ಳಬೇಡಿ, ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತದೆ ಅಷ್ಟೇ.

ಹುಲ್ಲಿನ ಬದಲು ಮರದ ಹೊಟ್ಟು ಬಳಸುವುದಾದರೆ ಹಸಿ ಮರ ಕೊಯ್ಯುವ ಮಿಲ್ಲಿನಿಂದ ತನ್ನಿ. ಗೆದ್ದಲು ಹಿಡಿಯದಿರಲಿ ಅಂತ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಕುಡಿಸಿದ ಮರದ ಹೊಟ್ಟು ಅಣಬೆಗೆ ಬರಲೇಬಾರದು. ಪ್ಲೈವುಡ್ ಪುಡಿಯೂ ಬೇಡ. ಹುಲ್ಲಿನಲ್ಲಿರುವ ಬೇರೆ ಬೂಸ್ಟು ಸಾಯಲು ಅದನ್ನು 80 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಮುಳುಗಿಸಿಟ್ಟರೆ ಸಾಕು. ಫಾರ್ಮಲಿನ್, ಬಾವಿಸ್ಟಿನ್‌ನಂಥ ಬೂಸ್ಟು ಕೊಲ್ಲುವ ರಾಸಾಯನಿಕ ಹಾಕಿ ನೆನೆಸುವ ಪದ್ಧತಿಯೂ ಇದೆ. ನಾಲ್ಕು ಚೀಲ ಬೆಳೆಯುವ ಮನೆಗೆ ಅದ್ಯಾಕೆ? ನೆನೆಸುವ ಡ್ರಮ್‌ನಲ್ಲಿ ಮೊದಲು ಬಣ್ಣವೋ ಔಷಧವೋ ತುಂಬಿತ್ತಾ ಅಂತಲೂ ವಿಚಾರಿಸಿ.

ಇಷ್ಟು ಕೇಳಿ ಅಣಬೆಯನ್ನೇ ಬಿಡಬೇಡಿ. ಚಿಪ್ಪು ಅಣಬೆಯಲ್ಲಿ ಕ್ಯಾಡ್ಮಿಯಂ ಕಿಲೋಗೆ 0.15 ಮಿಲಿಗ್ರಾಂ ಮೀರಬಾರದು ಅಂತ ಯುರೋಪಿನ ನಿಯಮ ಇದೆ. ಆ ಮಿತಿಯಷ್ಟೇ ಇರುವ ಅಣಬೆಯನ್ನು ವಾರಕ್ಕೆ ಕಾಲು ಕಿಲೋಗಿಂತ ಸ್ವಲ್ಪ ಕಡಿಮೆ, ಅಂದರೆ 200 ಗ್ರಾಂ ತಿಂದರೆ 30 ಮೈಕ್ರೋಗ್ರಾಂ ಒಳಗೆ ಹೋಗುತ್ತದೆ. 60 ಕಿಲೋ ತೂಕದವರಿಗೆ ಅಲ್ಲಿಯವರು ವಾರಕ್ಕೆ 150 ಮೈಕ್ರೋಗ್ರಾಂ ತನಕ ತಡೆಯಬಹುದು ಅನ್ನುತ್ತಾರೆ. ಅನ್ನ, ಸೊಪ್ಪಿನಿಂದಲೂ ಬರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ವರ್ಷಗಟ್ಟಲೆ ಕೂತಿರುತ್ತದೆ, ಬೇಗ ಹೊರಗೆ ಹೋಗುವುದಿಲ್ಲ. ವಾರಕ್ಕೊಂದು ಸಲ ಪಲ್ಯ ಮಾಡಿ, ದಿನಾ ಬೇಡ.

ನನಗೆ ಹೆಚ್ಚು ಅನುಮಾನ ಒಣ ಅಣಬೆ, ಅಣಬೆ ಪುಡಿಯ ಮೇಲೆ. ಹಸಿ ಅಣಬೆಯಲ್ಲಿ ನೂರಕ್ಕೆ ತೊಂಬತ್ತು ಭಾಗ ನೀರು. ಒಣಗಿಸಿದಾಗ ಹೋಗುವುದು ನೀರು ಮಾತ್ರ, ಲೋಹ ಹಾಗೇ ಉಳಿಯುತ್ತದೆ. ಒಂದು ಚಮಚ ಪುಡಿ ಸುಮ್ನೆ ಹಾಲಿಗೆ ಹಾಕಿ ಕುಡಿಯುವವರು ಆ ಅಣಬೆ ಎಲ್ಲಿ ಬೆಳೆದದ್ದು, ಪರೀಕ್ಷೆ ಆಗಿದೆಯಾ ಅಂತ ಕೇಳಲೇಬೇಕು ಅಲ್ವಾ?

ಬೆಳೆ ಮುಗಿದ ಚೀಲದ ಹುಲ್ಲು ಒಳ್ಳೇ ಗೊಬ್ಬರ. ಆದರೆ ಹುಲ್ಲಿನ ಮೂಲ ಗೊತ್ತಿಲ್ಲದಿದ್ದರೆ ಸೊಪ್ಪಿನ ಮಡಿಗೆ ಹಾಕಬೇಡಿ. ಕ್ರೋಟನ್ ಬುಡಕ್ಕೆ ಹಾಕಿ, ಅದನ್ನು ಯಾರೂ ತಿನ್ನುವುದಿಲ್ಲ.