ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವವರಿಗೆ: ಪಕ್ಕದ ಮನೆ, ನಡುವಿನ ಬೇಲಿ

ನಾನು ಇಂಗ್ಲೆಂಡಿನಲ್ಲಿ ನೆಲೆಸಿ ಬಹಳ ವರ್ಷವಾಯಿತು. ರಜೆಗೆ ಜಯನಗರದ ಅಣ್ಣನ ಮನೆಗೆ ಬಂದಾಗಲೆಲ್ಲ ಅಲ್ಲಿಗೆ ಹೊರಟ ಹುಡುಗ ಹುಡುಗಿಯರು ಸಿಗುತ್ತಾರೆ. ವೀಸಾ, ಮಕ್ಕಳ ಸ್ಕೂಲು, ಮನೆ ಸಾಲ ಎಲ್ಲ ವಿಚಾರಿಸುತ್ತಾರೆ. ಬೇಲಿಯ ವಿಚಾರ ಮಾತ್ರ ಯಾರೂ ಎತ್ತುವುದಿಲ್ಲ. ಮನೆ ಕೊಂಡ ಮೇಲೆ ಪಕ್ಕದವರ ಜೊತೆ ಮನಸ್ತಾಪ ಶುರುವಾಗುವುದು ಜಾಸ್ತಿ ಅಲ್ಲಿಂದಲೇ.

ಬೆಂಗಳೂರಿನ ಥರ್ಟಿ ಫಾರ್ಟಿ ಸೈಟಿನಲ್ಲಿ ಬೆಳೆದವರಿಗೆ ಗಡಿ ಅಂದರೆ ಇಟ್ಟಿಗೆ ಕಾಂಪೌಂಡು. ಇಂಗ್ಲೆಂಡಿನಲ್ಲಿ ಹಿತ್ತಲಿನ ಗಡಿಗೆ ಸಾಮಾನ್ಯವಾಗಿ ಮರದ ಹಲಗೆಯ ಬೇಲಿ, ಇಲ್ಲ ಒತ್ತಾಗಿ ಬೆಳೆಸಿದ ಗಿಡದ ಸಾಲು, ಅದೇ ಹೆಡ್ಜ್.

ಮೊದಲು ಬೇಲಿ ಯಾರದು ಅಂತ ಕಾಗದದಲ್ಲಿ ನೋಡಿ. ಎಡಗಡೆಯದು ನಮ್ಮದು, ಬಲಗಡೆಯದು ಅವರದು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಂಬಬೇಡಿ, ಹಾಗೊಂದು ಕಾನೂನೇ ಇಲ್ಲ. ಮನೆಯ ಹಳೆಯ ಕ್ರಯಪತ್ರಗಳ ನಕ್ಷೆಯಲ್ಲಿ ಗಡಿ ಗೆರೆಯ ಮೇಲೆ ‘ಟಿ’ ಅಕ್ಷರದಂಥ ಗುರುತು ಇರಬಹುದು. ಅದು ಯಾರ ಜಾಗದ ಕಡೆಗಿದೆಯೋ ಬೇಲಿ ಸಾಮಾನ್ಯವಾಗಿ ಅವರದು. ಎರಡು ‘ಟಿ’ ಬುಡಕ್ಕೆ ಬುಡ ಸೇರಿ ‘ಎಚ್’ ಆಗಿದ್ದರೆ ಇಬ್ಬರದೂ. ಆಸ್ತಿ ನೋಂದಾಯಿಸುವ ಸರ್ಕಾರಿ ಕಚೇರಿ ಲ್ಯಾಂಡ್ ರಿಜಿಸ್ಟ್ರಿಯ ನಕ್ಷೆಯ ಕೆಂಪು ಗೆರೆ ಗಡಿ ಸುಮಾರಾಗಿ ಎಲ್ಲಿದೆ ಅಂತ ತೋರಿಸುತ್ತದೆ, ಅಷ್ಟೇ. ಅದನ್ನು ಹಿಡಿದುಕೊಂಡು ಅರ್ಧ ಅಡಿ ಜಾಗಕ್ಕೆ ಜಗಳ ತೆಗೆಯಬೇಡಿ.

ಬೇಲಿ ಅವರದಾದರೆ ನಿಮ್ಮ ಕಡೆಯ ಮುಖವೂ ಅವರದೇ. ಕೇಳದೆ ಬಣ್ಣ ಬಳಿಯಬಾರದು, ಮೊಳೆ ಹೊಡೆದು ಕುಂಡ ತೂಗುಹಾಕಬಾರದು. ಗಾಳಿಗೆ ಬಿದ್ದರೆ ಸರಿಮಾಡಿಸಲೇಬೇಕು ಅಂತ ಒತ್ತಾಯಿಸುವ ಹಾಗೂ ಇಲ್ಲ, ಪತ್ರದಲ್ಲಿ ಬರೆದಿದ್ದರೆ ಮಾತ್ರ ಆ ಮಾತು ಬೇರೆ. ತೀರಾ ಬೇಕಿದ್ದರೆ ನಿಮ್ಮ ಜಾಗದೊಳಗೆ ನಿಮ್ಮದೇ ಬೇಲಿ ಹಾಕಿಸಿ. ಸಾಮಾನ್ಯವಾಗಿ 2 ಮೀಟರ್ ಎತ್ತರದವರೆಗೆ ಅನುಮತಿ ಬೇಡ. ವಾಹನ ಓಡಾಡುವ ರಸ್ತೆಯ ಪಕ್ಕ ಆದರೆ 1 ಮೀಟರ್. ಮೇಲೆ ಬಳ್ಳಿ ಹಬ್ಬಿಸುವ ಜಾಲರಿ ಕೂರಿಸಿದರೆ ಅದೂ ಎತ್ತರದ ಲೆಕ್ಕಕ್ಕೆ ಸೇರುತ್ತದೆ. ಹೊಸ ಬಡಾವಣೆಗಳಲ್ಲಿ ಮನೆ ಮುಂದೆ ಬೇಲಿಯೇ ಕೂಡದು ಅಂತ ಪತ್ರದಲ್ಲಿ ಷರತ್ತು ಇರುವುದುಂಟು, ಓದಿ ನೋಡಿ.

ಗಿಡದ ವಿಚಾರಕ್ಕೆ ಇನ್ನೂ ಹುಷಾರಾಗಿರಬೇಕು. ನಮ್ಮ ಬೀದಿಯಲ್ಲಿ ಕಾಂಪೌಂಡಿನಿಂದ ಹೊರಗೆ ಬಾಗಿದ ದಾಸವಾಳವನ್ನು ಬೆಳಿಗ್ಗೆ ಪೂಜೆಗೆ ಕಿತ್ತುಕೊಂಡು ಹೋಗುತ್ತಾರಲ್ವಾ? ಅಲ್ಲಿ ನಿಮ್ಮ ಹಿತ್ತಲಿಗೆ ಚಾಚಿದ ಕೊಂಬೆಯ ಸೇಬು ಕೂಡ ಮರದ ಮಾಲೀಕರದು. ಕೊಂಬೆಯನ್ನು ಗಡಿಯವರೆಗೆ ಕತ್ತರಿಸುವ ಹಕ್ಕು ನಿಮಗಿದೆ, ಒಂದು ಗೇಣು ಆಚೆಗೂ ಇಲ್ಲ. ಕತ್ತರಿಸಿದ ಕೊಂಬೆಯೂ ಅವರದೇ. ಹಾಗಂತ ಸುಮ್ನೆ ಆಚೆಗೆ ಎಸೆಯಬೇಡಿ, ಬೇಕಾ ಅಂತ ಕೇಳಿ. ಮರಕ್ಕೆ ಕೌನ್ಸಿಲಿನ, ಅಂದರೆ ನಮ್ಮ ನಗರಸಭೆಯಂಥ ಸ್ಥಳೀಯ ಆಡಳಿತದ, ರಕ್ಷಣೆ ಇದ್ದರೆ ಅನುಮತಿ ಇಲ್ಲದೆ ಮುಟ್ಟಲೇಬಾರದು. ಮಾರ್ಚಿಯಿಂದ ಆಗಸ್ಟ್‌ವರೆಗೆ ಹೆಡ್ಜ್ ಒಳಗೆ ಗೂಡು ಇದೆಯಾ ಅಂತ ಎಲೆ ಸರಿಸಿ ನೋಡಿ. ಹಕ್ಕಿ ಇರುವ ಗೂಡನ್ನು ಬೇಕಂತಲೇ ಕೆಡಿಸುವುದು 1981ರ ಕಾನೂನಿನಡಿ ಅಪರಾಧ.

ಅತಿ ಹೆಚ್ಚು ಜಗಳ ತರುವ ಗಿಡ ಲೇಲ್ಯಾಂಡಿ. ಕಡು ಹಸಿರು, ಚಳಿಗಾಲದಲ್ಲೂ ಎಲೆ ಉದುರಿಸುವುದಿಲ್ಲ. ವರ್ಷಕ್ಕೆ ಮೀಟರಿನಷ್ಟು ಏರಬಲ್ಲದು. ಡಿಸೆಂಬರಿನಲ್ಲಿ ಮೊದಲೇ ಬಿಸಿಲು ಕಡಿಮೆ, ಇದು ಅಡ್ಡ ನಿಂತರೆ ಅಡುಗೆಮನೆಗೆ ಮಧ್ಯಾಹ್ನವೂ ದೀಪ ಬೇಕು. ಇದಕ್ಕೆಂದೇ 2003ರ ಕಾಯಿದೆಯಲ್ಲಿ ದಾರಿ ಇದೆ. ಎಲೆ ಉದುರದ ಜಾತಿಯ ಎರಡಾದರೂ ಗಿಡ ಸಾಲಾಗಿದ್ದು, 2 ಮೀಟರ್ ಮೀರಿ ಬೆಳಕಿಗೆ ಅಡ್ಡವಾದರೆ ಕೌನ್ಸಿಲಿಗೆ ದೂರು ಕೊಡಬಹುದು. ಅದಕ್ಕೆ ಸಾಮಾನ್ಯವಾಗಿ ಶುಲ್ಕವಿರುತ್ತದೆ. ಅದಕ್ಕೂ ಮೊದಲು ಪಕ್ಕದವರ ಜೊತೆ ಮಾತಾಡಿ ಬಗೆಹರಿಸಲು ನೋಡಿದ್ದೀರಿ ಅಂತ ತೋರಿಸಬೇಕು. ಆದ್ದರಿಂದ ಬರೆದ ಕಾಗದದ ಪ್ರತಿ ಇಟ್ಟುಕೊಳ್ಳಿ. ಕೌನ್ಸಿಲ್ ಒಪ್ಪಿದರೂ 2 ಮೀಟರಿಗಿಂತ ಕೆಳಗೆ ಕತ್ತರಿಸಿ ಅಂತ ಹೇಳುವುದಿಲ್ಲ.

ನನ್ನ ಕೇಳಿದರೆ, ದೂರಿಗಿಂತ ಮೊದಲು ಒಂದು ಶನಿವಾರ ಹೋಗಿ ಬೆಲ್ ಒತ್ತಿ ಮಾತಾಡಿ. ಮುಂದೆ ಮನೆ ಮಾರುವಾಗ ಫಾರಂನಲ್ಲಿ ಪಕ್ಕದವರ ಜೊತೆಗಿನ ತಕರಾರನ್ನು ಬರೆಯಬೇಕಾಗುತ್ತದೆ. ಅದನ್ನು ಓದಿದ ಗಿರಾಕಿ ಹಿಂದೆ ಸರಿಯುವುದುಂಟು.

ಬಾಡಿಗೆ ಮನೆಯಾದರೆ ಬೇಲಿಗೆ ಕೈಹಾಕಲೇ ಬೇಡಿ. ಬಿದ್ದಿದ್ದರೆ ಫೋಟೋ ತೆಗೆದು ಮನೆ ಮಾಲೀಕರಿಗೋ ಏಜೆಂಟರಿಗೋ ಇಮೇಲ್ ಮಾಡಿ.